ಪಂಡಿತಾ ರಮಾಬಾಯಿಯವರು
1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದ ರಮಾಬಾಯಿಯವರು ತಾಯಿಯಿಂದಲೇ ಸಂಸ್ಕೃತವನ್ನು ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ, 1878ರಲ್ಲಿ ಕಲ್ಕತ್ತೆಯನ್ನು ಸೇರಲು, ಅಲ್ಲಿಯ ವಿದ್ವಾಂಸರು ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನಿತ್ತರು.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದೊಡನೆ, ಹೊಗಳಿದ ಬಾಯಿಗಳೇ ತೆಗಳಿದವು. ಸಭೆಯ ಹಿರಿಯರಾದರೋ ಮರುಮಾತಿಲ್ಲದ ವಿಧೇಯತೆಯನ್ನು ಬಯಸಿದರು. ಯಾರ ಮೆಚ್ಚಿಕೆಗಾಗಿಯೂ ಅವರು ಮನಸ್ಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. ಆದರೂ ಅಂತರಂಗಕ್ಕೆ ಶಾಂತಿಯಿರಲಿಲ್ಲ. ಯೋಗ್ಯತೆಯನ್ನೆಣಿಸದೆ ಕೃಪೆಯಿಂದಲೇ ದೇವರು ತಮ್ಮನ್ನು ಕ್ರಿಸ್ತನಲ್ಲಿ ಅಂಗೀಕರಿಸಿದನೆಂದು 1891ರ ಸುಮಾರಿಗೆ ಅರಿತಾಗಲೇ ಅದು ದೊರೆಯಿತು.

ಕೇಡಗಾಂವದ ಮುಕ್ತಿ ಸದನದಲ್ಲಿ, ಲೋಕವು ತಳ್ಳಿದ ವಿಧವೆಯರನ್ನೂ ಕ್ಷಾಮಪೀಡಿತ ಬಾಲೆಯರನ್ನೂ ಅವರು ಹಾಗೆಯೇ ಅಂಗೀಕರಿಸಿ, 1922ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಪರರ ಮೆಚ್ಚಿಕೆಗಾಗಿ ಬಳಲದಿರಲೆಂದೂ, ಮಾತಾಪಿತೃಗಳು ಪರೀಕ್ಷೆಯ ಅಂಕಗಳನ್ನೆಣಿಸದೆ ಹೆಣ್ಣುಮಕ್ಕಳನ್ನು ಪ್ರೀತಿಸಲೆಂದೂ ನಾವು ಪ್ರಾರ್ಥಿಸುತ್ತೇವೆ.