ಆರ್ನಾಲ್ಡ್ ಕೆಗೆಲ್

ಆರ್ನಾಲ್ಡ್ ಹೆನ್ರಿ ಕೆಗೆಲ್ (ಫೆಬ್ರವರಿ 21, 1894 – ಮಾರ್ಚ್ 1, 1972) ಅಮೆರಿಕದ ಸ್ತ್ರೀರೋಗತಜ್ಞರು. ಮಹಿಳೆಯರನ್ನು ಬಾಧಿಸುವ ಮೂತ್ರಸೋರಿಕೆಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ, ಸ್ನಾಯುಗಳ ವ್ಯಾಯಾಮದ ಮೂಲಕವೇ ಗುಣಪಡಿಸುವ ಕ್ರಮಬದ್ಧ ವಿಧಾನವೊಂದನ್ನು ಇವರು ರೂಪಿಸಿದರು. ಆ ವ್ಯಾಯಾಮವು ಇಂದು ಜಗತ್ತಿನಾದ್ಯಂತ ಕೆಗೆಲ್ ವ್ಯಾಯಾಮವೆಂದೇ ಹೆಸರಾಗಿದೆ. ಸ್ನಾಯುಗಳ ಬಲವನ್ನು ಅಳೆಯಲು ಇವರು ತಯಾರಿಸಿದ ಉಪಕರಣವೇ ಪೆರಿನಿಯೋಮೀಟರ್. ಇವರು ಲಾಸ್ ಏಂಜಲೀಸ್ ನಗರದಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಸ್ತ್ರೀರೋಗಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾಗಿದ್ದರು.

ಹಿನ್ನೆಲೆ

ಹೊಟ್ಟೆಯ ಕೆಳಭಾಗದಲ್ಲಿ, ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ, ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡಿರುವ ಸ್ನಾಯುಗಳ ಸಮೂಹಕ್ಕೆ ಶ್ರೋಣಿತಳದ ಸ್ನಾಯುಗಳೆಂದು ಹೆಸರು. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳಿಗೆ ಇವೇ ಆಧಾರ. ಹೆರಿಗೆಯ ಸಮಯದಲ್ಲಿ ಈ ಸ್ನಾಯುಗಳು ಅತಿಯಾಗಿ ಹಿಗ್ಗುತ್ತವೆ. ಅವು ದುರ್ಬಲವಾದಾಗ ಕೆಮ್ಮಿದರೆ, ಸೀನಿದರೆ, ನಕ್ಕರೆ ಅಥವಾ ಭಾರ ಎತ್ತಿದರೆ ಮೂತ್ರವು ತಾನಾಗಿಯೇ ಸೋರುತ್ತದೆ. ಇದನ್ನು ಒತ್ತಡಜನ್ಯ ಮೂತ್ರಸೋರಿಕೆ ಎನ್ನುತ್ತಾರೆ.

ಈ ಸ್ನಾಯುಗಳಿಗೆ ವ್ಯಾಯಾಮ ನೀಡುವ ವಿಚಾರವು ಕೆಗೆಲ್ ಅವರಿಗಿಂತ ಮೊದಲೇ ಇತ್ತು. 1930ರ ದಶಕದಲ್ಲಿ ಬ್ರಿಟನ್ನಿನ ನೃತ್ಯಗಾರ್ತಿ ಹಾಗೂ ಫಿಸಿಯೋಥೆರಪಿ ತಜ್ಞೆ ಮಾರ್ಗರೆಟ್ ಮಾರಿಸ್ ಇಂತಹ ವ್ಯಾಯಾಮಗಳನ್ನು ವಿವರಿಸಿದ್ದರು. ಭಾರತದ ಹಠಯೋಗದಲ್ಲಿ ಬರುವ ಮೂಲಬಂಧದಲ್ಲಿಯೂ ಶರೀರದ ಇದೇ ಭಾಗವನ್ನು ಸಂಕೋಚಿಸಿ ಮೇಲಕ್ಕೆ ಸೆಳೆದುಕೊಳ್ಳುವ ಕ್ರಮವಿದೆ. ಆದರೆ ಅದರ ಉದ್ದೇಶ ಯೋಗಸಾಧನೆಯೇ ಹೊರತು ರೋಗಚಿಕಿತ್ಸೆಯಲ್ಲ. ವ್ಯಾಯಾಮದ ಜೊತೆಗೆ ಅಳತೆಯನ್ನೂ ಸೇರಿಸಿದ್ದು ಕೆಗೆಲ್ ಅವರ ವಿಶೇಷ ಕೊಡುಗೆ.

ಪೆರಿನಿಯೋಮೀಟರ್

ಶ್ರೋಣಿತಳದ ಸ್ನಾಯುಗಳು ಕಣ್ಣಿಗೆ ಕಾಣುವಂಥವಲ್ಲ. ತೋಳಿನ ಸ್ನಾಯುವನ್ನು ಬಿಗಿಗೊಳಿಸಿದಾಗ ಅದು ಉಬ್ಬುವುದನ್ನು ಯಾರಾದರೂ ನೋಡಬಹುದು. ಇಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಸರಿಯಾದ ಸ್ನಾಯುವನ್ನೇ ಬಿಗಿಗೊಳಿಸುತ್ತಿದ್ದೇನೆಯೇ ಎಂಬುದು ಎಷ್ಟೋ ಮಹಿಳೆಯರಿಗೆ ತಿಳಿಯುತ್ತಿರಲಿಲ್ಲ. ಈ ತೊಡಕಿಗೆ ಪರಿಹಾರವಾಗಿ ಕೆಗೆಲ್ ಪೆರಿನಿಯೋಮೀಟರ್ ಅನ್ನು ರೂಪಿಸಿದರು. ಗಾಳಿ ತುಂಬಿದ ರಬ್ಬರಿನ ಭಾಗವೊಂದನ್ನು ಯೋನಿಯೊಳಗೆ ಇರಿಸಲಾಗುತ್ತಿತ್ತು. ಅದು ಕೊಳವೆಯ ಮೂಲಕ ಹೊರಗಿನ ಒತ್ತಡಮಾಪಕಕ್ಕೆ ಜೋಡಿಸಲ್ಪಟ್ಟಿತ್ತು. ಸ್ನಾಯು ಬಿಗಿಯಾದೊಡನೆ ಮಾಪಕದ ಮುಳ್ಳು ಚಲಿಸಿ, ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ತೋರಿಸುತ್ತಿತ್ತು. ರೋಗಿಯು ತನ್ನ ಪ್ರಯತ್ನದ ಫಲವನ್ನು ಆ ಕ್ಷಣದಲ್ಲಿಯೇ ತಾನೇ ನೋಡಬಹುದಾಗಿತ್ತು. ಮುಂದೆ ಬಯೋಫೀಡ್‌ಬ್ಯಾಕ್ ಎಂದು ಹೆಸರಾದ ಚಿಕಿತ್ಸಾಕ್ರಮದ ಆರಂಭದ ಉದಾಹರಣೆಗಳಲ್ಲಿ ಇದನ್ನೂ ಎಣಿಸಲಾಗುತ್ತದೆ.

ಚಿಕಿತ್ಸಾ ವಿಧಾನ

ಕೆಗೆಲ್ ತಮ್ಮ ವಿಧಾನವನ್ನು 1948ರಲ್ಲಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅವರ ಕ್ರಮದಲ್ಲಿ ಎರಡು ಹಂತಗಳಿದ್ದವು. ಮೊದಲಿಗೆ ವೈದ್ಯರು ಬೆರಳಿನಿಂದ ಪರೀಕ್ಷಿಸಿ, ಸಂಕೋಚಿಸಬೇಕಾದ ಸ್ನಾಯು ಯಾವುದೆಂಬುದನ್ನು ರೋಗಿಗೆ ಮನವರಿಕೆ ಮಾಡಿಕೊಡಬೇಕು. ಅನಂತರ ರೋಗಿಯು ಮನೆಯಲ್ಲಿ ಪೆರಿನಿಯೋಮೀಟರಿನೊಂದಿಗೆ ಪ್ರತಿ ಬಾರಿ 20 ನಿಮಿಷಗಳಂತೆ ದಿನಕ್ಕೆ 3 ಬಾರಿ ಅಭ್ಯಾಸ ಮಾಡಬೇಕು. ಬಲ ಹೆಚ್ಚಿದಂತೆ ಮಾಪಕದ ಅಂಕಿಯೂ ಏರುವುದರಿಂದ ಅಭ್ಯಾಸದಲ್ಲಿ ಉತ್ಸಾಹ ಉಳಿಯುತ್ತಿತ್ತು. 1951ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿಯೂ ಈ ಚಿಕಿತ್ಸೆಯ ಬಗ್ಗೆ ಅವರ ಲೇಖನ ಪ್ರಕಟವಾಯಿತು. ತಮ್ಮ ರೋಗಿಗಳಲ್ಲಿ ಶೇಕಡಾ 84ರಷ್ಟು ಮಂದಿ ಗುಣಮುಖರಾದರೆಂದು ಅವರು ವರದಿ ಮಾಡಿದ್ದರು. ಆದರೆ ಚಿಕಿತ್ಸೆ ಪಡೆಯದವರ ಗುಂಪಿನೊಡನೆ ಹೋಲಿಸಿ ನಡೆಸಿದ ಪ್ರಯೋಗ ಅದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮರೆವು ಮತ್ತು ಮರುಸ್ವೀಕಾರ

ಕೆಗೆಲ್ ಅವರ ಫಲಿತಾಂಶಗಳು ಪ್ರಕಟವಾದರೂ ವೈದ್ಯಲೋಕದ ಒಲವು ಶಸ್ತ್ರಚಿಕಿತ್ಸೆಯ ಕಡೆಗೇ ಇತ್ತು. 1949ರಲ್ಲಿ ಮಾರ್ಷಲ್, ಮಾರ್ಕೆಟಿ ಮತ್ತು ಕ್ರಾಂಟ್ಸ್ ಎಂಬ ವೈದ್ಯರು, 1961ರಲ್ಲಿ ಬರ್ಚ್ ಎಂಬವರು ವಿವರಿಸಿದ ಶಸ್ತ್ರಕ್ರಿಯೆಗಳು ವ್ಯಾಪಕವಾಗಿ ಬಳಕೆಗೆ ಬಂದವು. ವ್ಯಾಯಾಮ ಚಿಕಿತ್ಸೆ ಹಿಂದೆ ಸರಿಯಿತು. 1972ರಲ್ಲಿ ಕೆಗೆಲ್ ನಿಧನರಾದಾಗ ಪರಿಸ್ಥಿತಿ ಹೀಗೆಯೇ ಇತ್ತು.

1980ರ ದಶಕದಿಂದ ಈ ಚಿಕಿತ್ಸೆಯ ಬಗ್ಗೆ ಆಸಕ್ತಿ ಮರಳಿತು. ನಾರ್ವೆಯ ಫಿಸಿಯೋಥೆರಪಿ ತಜ್ಞೆ ಕಾರಿ ಬೋ ಮೊದಲಾದವರು ನಿಯಂತ್ರಿತ ಪ್ರಯೋಗಗಳ ಮೂಲಕ ಇದನ್ನು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು 14 ದೇಶಗಳ 1,817 ಮಹಿಳೆಯರನ್ನು ಒಳಗೊಂಡ 31 ಪ್ರಯೋಗಗಳನ್ನು ಪರಿಶೀಲಿಸಿ, ಈ ವ್ಯಾಯಾಮವು ಮೂತ್ರಸೋರಿಕೆಯನ್ನು ಗುಣಪಡಿಸಬಲ್ಲದು ಅಥವಾ ತಗ್ಗಿಸಬಲ್ಲದು ಎಂಬ ತೀರ್ಮಾನಕ್ಕೆ ಬಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯ ಪ್ರಕಾರ ಒತ್ತಡಜನ್ಯ ಮೂತ್ರಸೋರಿಕೆಗೆ ಕನಿಷ್ಠ 3 ತಿಂಗಳ ಕಾಲ ತಜ್ಞರ ಮೇಲ್ವಿಚಾರಣೆಯಲ್ಲಿ ನಡೆಯುವ ಈ ತರಬೇತಿಯೇ ಮೊದಲ ಚಿಕಿತ್ಸೆ. ಪ್ರತಿ ಬಾರಿ ಕನಿಷ್ಠ 8 ಸಂಕೋಚನಗಳಂತೆ ದಿನಕ್ಕೆ 3 ಬಾರಿ ಅಭ್ಯಾಸ ಮಾಡಬೇಕೆಂದು ಅದು ಸೂಚಿಸುತ್ತದೆ.

ಹೆಸರು ಮತ್ತು ವಿಧಾನ

ಕೆಗೆಲ್ ಅವರ ಹೆಸರು ಮನೆಮಾತಾದರೂ ಅವರ ವಿಧಾನದ ಮುಖ್ಯಭಾಗ ಬಹುಮಟ್ಟಿಗೆ ಮರೆಯಾಗಿದೆ. ಪೆರಿನಿಯೋಮೀಟರಾಗಲಿ ವೈದ್ಯರ ಪರೀಕ್ಷೆಯಾಗಲಿ ಇಲ್ಲದೆ, ಬಾಯಿಮಾತಿನ ಅಥವಾ ಕರಪತ್ರದ ಸೂಚನೆಯಿಂದಲೇ ವ್ಯಾಯಾಮವನ್ನು ಕಲಿಯುವವರು ಬಹಳ. 1991ರಲ್ಲಿ ಅಮೆರಿಕದಲ್ಲಿ 47 ಮಹಿಳೆಯರಿಗೆ ಸಂಕ್ಷಿಪ್ತವಾಗಿ ಮಾತಿನಲ್ಲಷ್ಟೇ ವಿವರಿಸಿ ಪರೀಕ್ಷಿಸಿದಾಗ, ಸಮರ್ಪಕವಾಗಿ ಸಂಕೋಚಿಸಿದವರು ಶೇಕಡಾ 49 ಮಾತ್ರ. ಶೇಕಡಾ 25ರಷ್ಟು ಮಂದಿ ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಪ್ರಯತ್ನಿಸುತ್ತಿದ್ದರು. ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳುವ ಬದಲು ಹೊಟ್ಟೆಯನ್ನು ಬಿಗಿಹಿಡಿದು ಕೆಳಕ್ಕೆ ಮುಕ್ಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಇಂತಹವರು ವ್ಯಾಯಾಮದಿಂದ ಪ್ರಯೋಜನವಿಲ್ಲವೆಂದು ಅದನ್ನು ಕೈಬಿಡುವ ಸಂಭವವಿದೆ.

ಮೊದಲು ಸರಿಯಾದ ಸ್ನಾಯುವನ್ನು ಗುರುತಿಸಿಕೊಡಬೇಕು, ಆಮೇಲೆ ಅಭ್ಯಾಸ ಆರಂಭವಾಗಬೇಕು ಎಂಬುದು ಕೆಗೆಲ್ ಅವರ ಕ್ರಮವಾಗಿತ್ತು. ಇಂದು ಶ್ರೋಣಿತಳದ ಚಿಕಿತ್ಸೆಯಲ್ಲಿ ಪರಿಣತರಾದ ಫಿಸಿಯೋಥೆರಪಿ ತಜ್ಞರು ಅನುಸರಿಸುವುದು ಇದೇ ಕ್ರಮವನ್ನು. ಸಂಕೋಚದಿಂದಲೋ, ಹೆರಿಗೆಯಾದವರಿಗೆ ಇದು ಸಹಜವೆಂಬ ಭಾವನೆಯಿಂದಲೋ ಮಹಿಳೆಯರು ವರ್ಷಗಟ್ಟಲೆ ಮರೆಮಾಚಿಕೊಂಡು ಬರುವ ತೊಂದರೆಯೊಂದು, ಚಿಕಿತ್ಸೆಗೆ ಒಳಪಡಬಲ್ಲ ಸ್ನಾಯುದೌರ್ಬಲ್ಯವೂ ಆಗಿರಬಹುದೆಂದು ತೋರಿಸಿಕೊಟ್ಟವರಲ್ಲಿ ಕೆಗೆಲ್ ಪ್ರಮುಖರು.