ಲೇಖನಿಯನ್ನು ಕೆಳಗಿಡದ ದಿವಾಕರರು

ನುಡಿಯೂ ನಡೆಯೂ ಒಂದಾಗಬೇಕೆಂಬುದು ಶರಣರ ಬೋಧೆ. ನುಡಿಯನ್ನೇ ವೃತ್ತಿಯಾಗಿಸಿಕೊಂಡ ಪತ್ರಿಕಾಕರ್ತನಿಗೆ ಈ ಒರೆಗಲ್ಲು ಬಹು ಕಠಿಣವಾದುದು. ದಿವಂಗತ ರಂಗನಾಥ ರಾಮಚಂದ್ರ ದಿವಾಕರರು ತಮ್ಮ ಬಾಳನ್ನೇ ಅದಕ್ಕೆ ಒಡ್ಡಿದವರು.

1894ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು 1921ರಲ್ಲಿ ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಪರಪ್ರಭುತ್ವವನ್ನು ಬರಹದಲ್ಲಿ ಖಂಡಿಸಿ ಸುಮ್ಮನಾಗದೆ, ಸತ್ಯಾಗ್ರಹಕ್ಕಿಳಿದು ಸೆರೆವಾಸವನ್ನು ಅನುಭವಿಸಿದರು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದರು.

1938ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಂದು ಹಂಪೆ, ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದಿತು. ಹೀಗೆ ಹರಿದುಹೋಗಿದ್ದ ನಾಡಿನ ಏಕೀಕರಣಕ್ಕಾಗಿ ಅವರು ಶ್ರಮಿಸಿದರು.

ಸ್ವಾತಂತ್ರ್ಯ ಬಂದ ಬಳಿಕ, ಸೆರೆಮನೆ ಕಂಡ ಈ ಪತ್ರಿಕಾಕರ್ತನ ಕೈಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯೇ ಬಂದಿತು. 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ಅದಕ್ಕಾಗಿ ದುಡಿದ ಅವರು ದೂರದ ಪಾಟಣಾದಲ್ಲಿ ಕರ್ತವ್ಯನಿರತರು.

ಅಧಿಕಾರ ದೊರೆತೊಡನೆ ಲೇಖನಿಯನ್ನು ಮರೆಯುವವರೇ ಹೆಚ್ಚು. ದಿವಾಕರರು ಹಾಗಾಗಲಿಲ್ಲ. ಅವರ ಪ್ರಧಾನ ಸಂಪಾದಕತ್ವದಲ್ಲಿ ಬಿಹಾರದ ಇತಿಹಾಸದ ಬೃಹದ್ಗ್ರಂಥವು 1959ರಲ್ಲಿ, ಕರ್ನಾಟಕದ್ದು 1968ರಲ್ಲಿ ಹೊರಬಂದವು. ಶರಣರ ಅನುಭಾವವನ್ನು ಜಿಜ್ಞಾಸುಗಳಿಗೆ ತಿಳಿಯಪಡಿಸಲು ಬರೆದ ‘ವಚನಶಾಸ್ತ್ರರಹಸ್ಯ’ವಂತೂ ವಚನಾಭ್ಯಾಸಿಗಳಿಗೆ ದಾರಿದೀಪವಾಯಿತು.

1990ರಲ್ಲಿ ಅವರು ಕಾಲವಶರಾದರು. ಪದವಿಗಳು ಅವಧಿಯೊಡನೆ ತೀರಿದವು. ನಡೆಯಿಂದ ಬಲಗೊಂಡ ನುಡಿ ಮಾತ್ರ ಉಳಿದಿದೆ. ವಚನವನ್ನು ಓದುವವರು ಅದನ್ನು ಬಾಳಲೂ ಬೇಕೆಂಬುದಕ್ಕೆ ಅವರ ಜೀವನವೇ ಸಾಕ್ಷಿ.