ಹಿಮದ ನಾಡಿನಲ್ಲಿ ತೊಟ್ಟಿಲು: ಮರಿಯಾ ವೊಲ್ಕೋನ್‌ಸ್ಕಯಾ

ಸೈಬೀರಿಯಾ ಎಂಬ ಹೆಸರು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹಿಮ, ಸಂಕೋಲೆ, ಸೆರೆಮನೆ. ರಷ್ಯದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಅಲ್ಲಿಗೆ ಗಡೀಪಾರಾದ ಗಂಡಸರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಆದರೆ ಆ ಹಿಮದ ನಡುವೆಯೇ ತೊಟ್ಟಿಲು ಕಟ್ಟಿ, ಮಕ್ಕಳನ್ನು ಸಾಕಿ, ನಾಲ್ಕು ಅಕ್ಷರ ಕಲಿಸಿ ದೊಡ್ಡವರನ್ನಾಗಿ ಮಾಡಿದ ತಾಯಂದಿರೂ ಇದ್ದರು. ಅವರಲ್ಲಿ ಮರಿಯಾ ವೊಲ್ಕೋನ್‌ಸ್ಕಯಾ ಅಗ್ರಗಣ್ಯಳು. ಆಕೆಯ ಬಾಳಿನಲ್ಲಿ ಎರಡು ಸಲ ಮಕ್ಕಳ ವಿಷಯವಾಗಿ ಕಠಿಣವಾದ ತೀರ್ಮಾನವನ್ನು ಮಾಡಬೇಕಾಗಿ ಬಂದಿತು. ಆ ಎರಡು ತೀರ್ಮಾನಗಳ ನಡುವೆ ನಡೆದ ಬಾಳೇ ಈ ಕಥೆ.

ಮರಿಯಾ ದೊಡ್ಡ ಮನೆತನದ ಹುಡುಗಿ. ತಂದೆ ನಿಕೊಲಾಯ್ ರಾಯೆವ್‌ಸ್ಕಿ 1812ರಲ್ಲಿ ನೆಪೋಲಿಯನ್ನನ ಸೈನ್ಯವನ್ನು ಎದುರಿಸಿ ಹೆಸರಾದ ಸೇನಾನಿ. ತಾಯಿಯ ಕಡೆಯಿಂದ ಆಕೆ ಪ್ರಸಿದ್ಧ ವಿಜ್ಞಾನಿ ಲೊಮೊನೊಸೊವ್‌ನ ವಂಶಕ್ಕೆ ಸೇರಿದವಳು. ಕವಿ ಪುಷ್ಕಿನ್ ಆ ಕುಟುಂಬದ ಸ್ನೇಹಿತ. 1825ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬುವಷ್ಟರಲ್ಲಿ, ಆಕೆಯ ವಿವಾಹ ಸೆರ್ಗೆಯ್ ವೊಲ್ಕೋನ್‌ಸ್ಕಿಯೊಡನೆ ನಡೆಯಿತು. ವರನಿಗೆ ಆಗ ಮೂವತ್ತಾರು ವರ್ಷ. ಸೈನ್ಯದಲ್ಲಿ ಮೇಜರ್ ಜನರಲ್, ಪದವಿಯಿಂದ ರಾಜಕುಮಾರ. ರೈತರ ಜೀತವನ್ನು ಅಳಿಸಿ ದೇಶಕ್ಕೊಂದು ಸಂವಿಧಾನವನ್ನು ತರಬೇಕೆಂದು ಹವಣಿಸುತ್ತಿದ್ದ ಗುಪ್ತ ಸಂಘಕ್ಕೆ ಆತ ಸೇರಿದ್ದನು. ಈ ಸಂಗತಿ ಎಳೆಯ ಹೆಂಡತಿಗೆ ತಿಳಿದಿರಲಿಲ್ಲ.

ಅದೇ ವರ್ಷ ಡಿಸೆಂಬರ್ 14ರಂದು ಪೀಟರ್ಸ್‌ಬರ್ಗಿನಲ್ಲಿ ದಂಗೆಯೆದ್ದಿತು. ಒಂದೇ ದಿನದಲ್ಲಿ ಅದು ಅಡಗಿಹೋಯಿತು. 1826ರ ಜನವರಿಯ ಮೊದಲ ದಿನಗಳಲ್ಲಿ ಮರಿಯಾ ಚೊಚ್ಚಲ ಗಂಡುಮಗುವನ್ನು ಹೆತ್ತಳು. ಕೆಲವೇ ದಿನಗಳಲ್ಲಿ ಗಂಡನ ದಸ್ತಗಿರಿಯಾಯಿತು. ಬಾಣಂತಿ ಜ್ವರದಲ್ಲಿ ಮಲಗಿದ್ದವಳಿಗೆ ಮನೆಯವರು ಈ ಸುದ್ದಿಯನ್ನು ಬಹುಕಾಲ ಮುಚ್ಚಿಟ್ಟರು. ಆ ಬೇಸಗೆಯಲ್ಲಿ ಐವರು ಗಲ್ಲಿಗೇರಿದರು. ಸೆರ್ಗೆಯ್‌ಗೆ ಇಪ್ಪತ್ತು ವರ್ಷಗಳ ಕಠಿಣ ದುಡಿಮೆಯ ಶಿಕ್ಷೆಯಾಗಿ, ಪದವಿಯೂ ಆಸ್ತಿಯೂ ಹೋಗಿ, ಸೈಬೀರಿಯದ ಗಣಿಗೆ ಸಾಗಿಸಲ್ಪಟ್ಟನು.

ಗಂಡನ ಹಿಂದೆ ಹೋಗಲು ಹೆಂಡತಿಗೆ ಅಪ್ಪಣೆಯಿತ್ತು. ಮಗುವನ್ನು ಒಯ್ಯಲು ಇರಲಿಲ್ಲ. ನಮ್ಮ ಪುರಾಣದ ದಮಯಂತಿ ಕಾಡಿಗೆ ಹೋಗುವ ಮುನ್ನ ಮಕ್ಕಳನ್ನು ತವರಿಗೆ ಕಳುಹಿಸಿದಳು. ಕಷ್ಟದ ಕಾಲ ಕಳೆದ ಮೇಲೆ ಅವರನ್ನು ಮರಳಿ ಪಡೆದಳು. ಮರಿಯಾ ಒಂದು ವರ್ಷವೂ ತುಂಬದ ನಿಕೊಲಾಯ್‌ಯನ್ನು ಪೀಟರ್ಸ್‌ಬರ್ಗಿನಲ್ಲಿ ಅತ್ತೆಯ ಕೈಗೆ ಒಪ್ಪಿಸಿ, 1826ರ ಡಿಸೆಂಬರಿನಲ್ಲಿ ಹೊರಟಳು. ಒಂದು ವರ್ಷದಲ್ಲಿ ಹಿಂತಿರುಗದಿದ್ದರೆ ಶಪಿಸುವೆನೆಂದು ತಂದೆ ಗದರಿಸಿದನು. ಮಾಸ್ಕೋದಲ್ಲಿ ಗಂಡನ ಅಣ್ಣನ ಹೆಂಡತಿ ಜಿನಾಯಿದಾ ಬೀಳ್ಕೊಡುಗೆಯ ಸಂಗೀತಗೋಷ್ಠಿಯನ್ನು ಏರ್ಪಡಿಸಿದಳು. ಹೊರಡುವ ಹೊತ್ತಿಗೆ ಒಂದು ಚಿಕ್ಕ ವಾದ್ಯಪೆಟ್ಟಿಗೆಯನ್ನು ಮರಿಯಾಳಿಗೆ ತಿಳಿಯದಂತೆ ಅವಳ ಹಿಮಗಾಡಿಯ ಹಿಂಬದಿಗೆ ಕಟ್ಟಿಸಿದಳು. ಮುಂದೆ ಆ ವಾದ್ಯ ಸೆರೆಮನೆಯ ನೆರೆಯಲ್ಲಿ ನುಡಿಯಿತು.

ಇರ್ಕುಟ್‌ಸ್ಕ್ ನಗರದಲ್ಲಿ ಅಧಿಕಾರಿಗಳು ಒಂದು ಕಾಗದಕ್ಕೆ ಸಹಿ ಕೇಳಿದರು. ಇನ್ನು ಮೇಲೆ ಆಕೆ ರಾಜಕುಮಾರಿಯಲ್ಲ, ಕೈದಿಯ ಹೆಂಡತಿ. ಸೈಬೀರಿಯದಲ್ಲಿ ಹುಟ್ಟುವ ಮಕ್ಕಳು ಸರ್ಕಾರದ ರೈತಾಳುಗಳ ಲೆಕ್ಕಕ್ಕೆ ಸೇರತಕ್ಕವರು. ಹುಟ್ಟದ ಮಕ್ಕಳ ಹಣೆಬರಹವನ್ನೂ ಬರೆದಿಟ್ಟಿದ್ದ ಆ ಕಾಗದಕ್ಕೆ ಮರಿಯಾ ಸಹಿ ಹಾಕಿ ಮುಂದೆ ನಡೆದಳು. 1827ರ ಫೆಬ್ರವರಿಯಲ್ಲಿ ನೆರ್ಚಿನ್‌ಸ್ಕ್ ಪ್ರಾಂತದ ಬ್ಲಾಗೊದಾತ್‌ಸ್ಕ್ ಗಣಿಯನ್ನು ಮುಟ್ಟಿದಳು. ಗಂಡನನ್ನು ಕಂಡಾಗ ಅವನ ಕಾಲಿನ ಸಂಕೋಲೆಯ ಸದ್ದು ಮೊದಲು ಕಿವಿಗೆ ಬಿದ್ದಿತು. ಆಕೆ ಮಂಡಿಯೂರಿ ಮೊದಲು ಸಂಕೋಲೆಗೆ ಮುತ್ತಿಟ್ಟು, ಅನಂತರ ಗಂಡನನ್ನು ಅಪ್ಪಿಕೊಂಡಳು.

ಅಲ್ಲಿಗೆ ಸ್ವಲ್ಪ ಮುಂಚೆ ಬಂದಿದ್ದ ಯೆಕತೆರೀನಾ ತ್ರುಬೆತ್‌ಸ್ಕಯಾಳೊಡನೆ ಮರಿಯಾ ಒಂದು ಗುಡಿಸಲಲ್ಲಿ ನೆಲೆಸಿದಳು. ಹಾಸಿಗೆ ಹಾಸಿ ಮಲಗಿದರೆ ತಲೆ ಗೋಡೆಗೂ ಕಾಲು ಬಾಗಿಲಿಗೂ ತಾಗುವಷ್ಟು ಇಕ್ಕಟ್ಟು. ಕಿಟಕಿಗೆ ಗಾಜಿಲ್ಲ, ಕಾಗೆಬಂಗಾರದ ಹಾಳೆ. ಒಲೆ ಹೊತ್ತಿಸಿದರೆ ಮನೆಯೆಲ್ಲ ಹೊಗೆ. ಆ ಸೀಮೆಯ ಜನವರಿಯಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಶೀತವಿರುವುದು ಸಾಮಾನ್ಯ. ಕೈಯಲ್ಲಿ ಹಣವಿಟ್ಟುಕೊಳ್ಳಲು ಸ್ವಾತಂತ್ರ್ಯವಿಲ್ಲದೆ, ಕೈದಿಗಳಿಗೆ ಊಟ ಕಳುಹಿಸಿ, ಉಳಿದುದರಲ್ಲಿ ತಾವು ಕಪ್ಪು ರೊಟ್ಟಿಯನ್ನು ತಿಂದು ಮಲಗಿದ ದಿನಗಳಿದ್ದವು. ಫ್ರೆಂಚ್ ಭಾಷೆಯಲ್ಲಿ ಬೆಳೆದ ಈ ಹೆಂಗಸರು ಕಾವಲುಗಾರನ ಮುಂದೆ ಗಂಡಂದಿರೊಡನೆ ರಷ್ಯನ್ ಭಾಷೆಯಲ್ಲಿಯೇ ಮಾತಾಡಬೇಕಾಗಿತ್ತು. ಕೈದಿಗಳಿಗೆ ಕಾಗದ ಬರೆಯುವ ಹಕ್ಕಿರಲಿಲ್ಲ. ಅವರ ಪರವಾಗಿ ಊರಿನ ತಾಯಿತಂದೆಗಳಿಗೆ ಬರೆದವರು ಈ ಹೆಂಗಸರೇ.

1827ರ ಶರತ್ಕಾಲದಲ್ಲಿ ಕೈದಿಗಳನ್ನು ಚಿತಾ ಎಂಬ ಊರಿಗೆ ಸಾಗಿಸಿದರು. ಅಲ್ಲಿ ಆಕೆಗೆ ಬಂದ ಸುದ್ದಿ ಒಂದಾದ ಮೇಲೊಂದು ಕೆಟ್ಟದ್ದು. 1828ರ ಜನವರಿಯಲ್ಲಿ ಪೀಟರ್ಸ್‌ಬರ್ಗಿನಲ್ಲಿ ಬಿಟ್ಟುಬಂದ ಮಗು ನಿಕೊಲಾಯ್ ತೀರಿಕೊಂಡಿತು. ಆ ಮಗುವಿನ ಸಮಾಧಿಗೆ ಪುಷ್ಕಿನ್ ಪದ್ಯವನ್ನು ಬರೆದುಕೊಟ್ಟನು. ಮರುವರ್ಷ ತಂದೆ ಸತ್ತನು. ಶಪಿಸುವೆನೆಂದಿದ್ದ ಆ ಮುದುಕ ಸಾಯುವ ಮುನ್ನ ಮಗಳ ಚಿತ್ರವನ್ನು ತೋರಿಸಿ, ತಾನು ಕಂಡ ಹೆಂಗಸರಲ್ಲಿ ಈಕೆಯೇ ಅದ್ಭುತಳೆಂದು ನುಡಿದನಂತೆ. 1830ರಲ್ಲಿ ಹುಟ್ಟಿದ ಹೆಣ್ಣುಕೂಸು ಸೋಫಿಯಾ ಅಂದೇ ಕಣ್ಣು ಮುಚ್ಚಿತು. ಗಂಡನ ಬಳಿ ಇರಬೇಕೆಂದು ಬಂದವಳು ಅದಕ್ಕೆ ತೆತ್ತ ಬೆಲೆಯನ್ನು ಇಲ್ಲಿ ಅಳೆಯಬಹುದು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಅಧಿಕಾರ ಬೆಚ್ಚಗೆ ಕುಳಿತು ಓದುವ ನಮಗಿಲ್ಲ.

ಅದೇ ವರ್ಷ ಕೈದಿಗಳು ಪೆತ್ರೋವ್‌ಸ್ಕಿ ಎಂಬ ಕಬ್ಬಿಣದ ಕಾರ್ಖಾನೆಯ ಊರಿಗೆ ಬಂದರು. ಹೊಸ ಸೆರೆಮನೆಯ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಹೆಂಗಸರು ರಾಜಧಾನಿಗೆ ಕಾಗದದ ಮೇಲೆ ಕಾಗದ ಬರೆದ ಮೇಲೆ ಗೋಡೆಯ ಮೇಲ್ಭಾಗದಲ್ಲಿ ಕಿರಿದಾದ ಕಿಂಡಿಗಳನ್ನು ಕೊರೆದರು. ಹೆಂಡತಿಯರು ಗಂಡಂದಿರ ಕೋಣೆಯಲ್ಲಿರಬಹುದಾಗಿತ್ತು. ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಆದುದರಿಂದ ಸೆರೆಮನೆಯ ಹೊರಗೆ ಅವರು ಮನೆಗಳನ್ನು ಕಟ್ಟಿಸಿದರು. ಹಗಲಿರುಳು ಮನೆಯ ತೊಟ್ಟಿಲಿಗೂ ಸೆರೆಮನೆಯ ಕೋಣೆಗೂ ಓಡಾಟ. ಹೀಗೆ ಹಿಮದಲ್ಲಿ ಓಡಾಡಿ ಶೀತ ಹಿಡಿದು, 1832ರಲ್ಲಿ ಅಲೆಕ್ಸಾಂದ್ರಾ ಮುರಾವ್ಯೋವಾ ತನ್ನ 28ನೆಯ ವಯಸ್ಸಿನಲ್ಲಿ ಸತ್ತಳು. ಆ ಹೆಂಗಸರ ಗುಂಪಿನಲ್ಲಿ ಅದು ಮೊದಲ ಸಾವು.

ಅದೇ 1832ರ ಮಾರ್ಚಿಯಲ್ಲಿ ಮರಿಯಾಳಿಗೆ ಮಿಖಾಯಿಲ್ ಹುಟ್ಟಿದನು. ಕೆಲವು ವರ್ಷಗಳಲ್ಲಿ ಮಗಳು ಯೆಲೆನಾ. ಈ ಎರಡೂ ಮಕ್ಕಳು ಬದುಕಿಕೊಂಡವು. ವೈದ್ಯನು ಬೇಕೆಂದರೆ ಕೈದಿಗಳಲ್ಲಿಯೇ ಒಬ್ಬನಾದ ಡಾಕ್ಟರ್ ವೋಲ್ಫ್ ಇದ್ದನು. 1837ರಲ್ಲಿ ಕುಟುಂಬಕ್ಕೆ ಇರ್ಕುಟ್‌ಸ್ಕಿನ ಬಳಿಯ ಊರಿಕ್ ಹಳ್ಳಿಯಲ್ಲಿ ನೆಲೆಸಲು ಅಪ್ಪಣೆಯಾಯಿತು. ಹಿಂದೆ ಸೇನಾಪತಿಯಾಗಿದ್ದ ತಂದೆ ನೇಗಿಲು ಹಿಡಿದು, ತರಕಾರಿ ಬೆಳೆದು, ರೈತರೊಡನೆ ರೈತನಾದನು. ತಾಯಿ ಮಕ್ಕಳಿಗೆ ಭಾಷೆಗಳನ್ನೂ ಸಂಗೀತವನ್ನೂ ಕಲಿಸಿದಳು. ನೆರೆಹೊರೆಯಲ್ಲಿದ್ದ ಗಡೀಪಾರಾದ ಪಂಡಿತರೇ ಹುಡುಗನ ಉಪಾಧ್ಯಾಯರು. ಗುರುಗಳ ಯೋಗ್ಯತೆಯಲ್ಲಿ ರಾಜಧಾನಿಯ ಶಾಲೆಗಳಿಗೂ ಕಡಮೆಯಿಲ್ಲದ ವಿದ್ಯಾಶಾಲೆಯೊಂದು ಹೀಗೆ ಆ ಹಳ್ಳಿಯಲ್ಲಿ ನಡೆಯಿತು.

ಎರಡನೆಯ ಪರೀಕ್ಷೆ ಬಂದುದು 1842ರಲ್ಲಿ. ಸೈಬೀರಿಯದಲ್ಲಿ ಹುಟ್ಟಿದ ಈ ಮಕ್ಕಳನ್ನು ಸರ್ಕಾರದ ಒಳ್ಳೆಯ ವಿದ್ಯಾಲಯಗಳಿಗೆ ಸೇರಿಸಿಕೊಳ್ಳಲು ಚಕ್ರವರ್ತಿ ನಿಕೊಲಾಸ್ ಒಪ್ಪಿದನು; ಆದರೆ ಮಕ್ಕಳು ಮನೆತನದ ಹೆಸರನ್ನು ಬಿಡಬೇಕು, ತಂದೆಯ ಅಂಕಿತದಿಂದ ಮಾಡಿದ ಹೊಸ ಹೆಸರನ್ನು ಇಟ್ಟುಕೊಳ್ಳಬೇಕು. ಮಿಖಾಯಿಲ್ ಆಗ ಹತ್ತು ವರ್ಷದ ಹುಡುಗ. ಒಪ್ಪಿದರೆ ವಿದ್ಯೆ, ಉದ್ಯೋಗ, ಬೆಚ್ಚನೆಯ ನಾಡು. ಒಪ್ಪದಿದ್ದರೆ ರೈತಾಳುಗಳ ಲೆಕ್ಕ. ಕೆಲವರು ಒಪ್ಪಿದರು, ಅವರನ್ನು ದೂರುವ ಹಾಗಿಲ್ಲ. ವೊಲ್ಕೋನ್‌ಸ್ಕಿ ದಂಪತಿಗಳೂ ತ್ರುಬೆತ್‌ಸ್ಕೊಯ್ ದಂಪತಿಗಳೂ ಒಪ್ಪಲಿಲ್ಲ. ತಂದೆಯ ಹೆಸರನ್ನು ಅಳಿಸಿಕೊಂಡ ಮಗು ತಂದೆಯನ್ನು ಅಪರಾಧಿಯೆಂದು ಒಪ್ಪಿಕೊಂಡಂತೆಯೇ ಸರಿ. ಹಿಂದೆ ಗಂಡನಿಗಾಗಿ ಮಗುವನ್ನು ಬಿಟ್ಟುಬಂದ ತಾಯಿ ಈಗ ಹೆಸರನ್ನು ಬಿಟ್ಟು ಹೋಗಲು ಮಕ್ಕಳನ್ನು ಕೊಡಲಿಲ್ಲ.

ಹಾಗೆಂದು ಆಕೆ ಕೈಕಟ್ಟಿ ಕೂಡಲಿಲ್ಲ. ಅರ್ಜಿಗಳನ್ನು ಬರೆದು, 1845ರಲ್ಲಿ ಇರ್ಕುಟ್‌ಸ್ಕ್ ನಗರದಲ್ಲಿ ಮಕ್ಕಳೊಡನೆ ವಾಸಿಸಲು ಅಪ್ಪಣೆ ಪಡೆದಳು. ಮಗ ಅಲ್ಲಿನ ಪ್ರೌಢಶಾಲೆಗೆ ತನ್ನ ಸ್ವಂತ ಹೆಸರಿನಲ್ಲಿಯೇ ಸೇರಿ, ಚಿನ್ನದ ಪದಕದೊಡನೆ ತೇರ್ಗಡೆಯಾಗಿ, ಪೂರ್ವ ಸೈಬೀರಿಯದ ಗವರ್ನರ್ ಜನರಲ್‌ನ ಕೈಕೆಳಗೆ ಕೆಲಸಕ್ಕೆ ನಿಂತನು. ಅವರ ಮನೆ ನಗರದ ಸಂಗೀತ ಸಾಹಿತ್ಯಗಳ ಕೇಂದ್ರವಾಯಿತು.

1856ರಲ್ಲಿ ಹೊಸ ಚಕ್ರವರ್ತಿ ಎರಡನೆಯ ಅಲೆಕ್ಸಾಂದರ್ ತನ್ನ ಪಟ್ಟಾಭಿಷೇಕದ ಸಮಯದಲ್ಲಿ ಗಡೀಪಾರಾದವರನ್ನು ಕ್ಷಮಿಸಿದನು. ಆ ಕ್ಷಮಾಪತ್ರವನ್ನು ಮಾಸ್ಕೋದಿಂದ ಸೈಬೀರಿಯಕ್ಕೆ ಹೊತ್ತು ಓಡಿದ ದೂತನು ಮಿಖಾಯಿಲ್ ವೊಲ್ಕೋನ್‌ಸ್ಕಿಯೇ. ಕಾಗದದ ಪ್ರಕಾರ ರೈತಾಳಾಗಬೇಕಾಗಿದ್ದ ಮಗ ತಂದೆಯ ಬಿಡುಗಡೆಯನ್ನು ತನ್ನ ಕೈಯಿಂದ ಕೊಟ್ಟನು. ಆರೋಗ್ಯ ಕೆಟ್ಟಿದ್ದ ಮರಿಯಾ ಅದಕ್ಕೆ ಮುಂಚೆಯೇ, 1855ರಲ್ಲಿ, ಸೈಬೀರಿಯವನ್ನು ಬಿಟ್ಟಿದ್ದಳು. 1863ರಲ್ಲಿ ಉಕ್ರೇನಿನ ವೊರೊಂಕಿ ಹಳ್ಳಿಯಲ್ಲಿ ತೀರಿಕೊಂಡಳು. ಎರಡು ವರ್ಷಗಳ ತರುವಾಯ ಸೆರ್ಗೆಯ್ ಕೂಡ ಅಲ್ಲಿಯೇ ಸತ್ತನು.

ಮಕ್ಕಳು ಮೊಮ್ಮಕ್ಕಳು ಓದಲೆಂದು ಆಕೆ ಫ್ರೆಂಚಿನಲ್ಲಿ ತನ್ನ ನೆನಪುಗಳನ್ನು ಬರೆದಿಟ್ಟಿದ್ದಳು. ಮಗ ಅದನ್ನು ರಷ್ಯನ್ನಿಗೆ ತಿರುಗಿಸುತ್ತ ಓದಿ ಹೇಳಲು, ಕೇಳುತ್ತಿದ್ದ ಕವಿ ನೆಕ್ರಾಸೊವ್ ಕಣ್ಣೀರು ಸುರಿಸಿದನು. 1872ರಲ್ಲಿ ಅದನ್ನೇ ಕಾವ್ಯವಾಗಿಸಿದನು. 1904ರಲ್ಲಿ ಮಿಖಾಯಿಲ್ ತಾಯಿಯ ಗ್ರಂಥವನ್ನು ಅಚ್ಚು ಹಾಕಿಸಿದನು. ಇರ್ಕುಟ್‌ಸ್ಕಿನ ಅವರ ಮನೆ 1985ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಮರಿಯಾ ದಂಗೆಯೇಳಲಿಲ್ಲ, ಭಾಷಣ ಮಾಡಲಿಲ್ಲ. ಸರ್ಕಾರವು ಸೆರೆಯೆಂದು ಗುರುತಿಸಿದ ನೆಲವನ್ನು ಮಕ್ಕಳು ಮನೆಯೆಂದು ಕರೆಯುವಂತೆ ಮಾಡಿದಳು. ಅದಕ್ಕೆ ಬೇಕಾದ ಧೈರ್ಯ ದಂಗೆಗೆ ಬೇಕಾದ ಧೈರ್ಯಕ್ಕಿಂತ ಕಡಮೆಯದಲ್ಲ. ದಂಗೆ ಒಂದು ದಿನದಲ್ಲಿ ಮುಗಿಯಿತು. ಆಕೆಯ ಕೆಲಸ ಮೂವತ್ತು ಚಳಿಗಾಲಗಳ ಕಾಲ ನಡೆಯಿತು.